ನೀರಿಗಿಂತ ಮೊದಲು ಬರಬೇಕಾದ ಅಂಕಿ

ಕಾರ್ಗಲ್ಲಿನ ಆ ಕೋಣೆಯಲ್ಲಿ ಕೂತು ಹೆಡ್‌ಫೋನ್ ಕಿವಿಗೇರಿಸಿದರೆ ಮೊದಲು ಕೇಳಿಸುತ್ತಿದ್ದುದು ತೆಳುವಾದ ಗುಂಯ್ ಎಂಬ ಸದ್ದು. ಅದರ ಹಿಂದೆ, ನೀರಿನಡಿಯಿಂದ ಬಂದ ಹಾಗೆ, ಯಾರದೋ ಮಾತು. ಒಂದೇ ಕಂಬದ ಮೇಲೆ ಜೊತೆಜೊತೆಯಾಗಿ ಹೋಗುವ ತಂತಿಗಳು. ಪಕ್ಕದ್ದರ ಮಾತು ನಮ್ಮದಕ್ಕೂ ಅಷ್ಟಿಷ್ಟು ಸೋರುತ್ತಿತ್ತು. ಸಾಗರದಲ್ಲಿ ಯಾರೋ ಮದುವೆಗೆ ದಿನ ಗೊತ್ತಾಯಿತೇ ಎಂದು ವಿಚಾರಿಸುತ್ತಿದ್ದರು. ಇನ್ನೆಲ್ಲಿಂದಲೋ ಒಬ್ಬ ಹೆಂಗಸು "ಹಲೋ, ಹಲೋ" ಎನ್ನುತ್ತಲೇ ಇದ್ದಳು. ಆಕೆಗೆ ಯಾರೂ ಉತ್ತರ ಕೊಡಲಿಲ್ಲ. ನಾನು ಕೊಡೋಣವೆಂದರೆ ನನ್ನ ದನಿ ಆಕೆಯವರೆಗೆ ಹೋಗುತ್ತಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬೆಂಗಳೂರಿನ ಒಂದು ಚಿಕ್ಕ ಕಂಪನಿ ನನ್ನನ್ನು ಅಲ್ಲಿಗೆ ಕಳಿಸಿತ್ತು. ತೀರ್ಥಹಳ್ಳಿ ಕಡೆಯ ಗುಡ್ಡಗಳಲ್ಲಿ, ಶರಾವತಿ ಇನ್ನೂ ಸಣ್ಣ ಹೊಳೆಯಾಗಿರುವ ಜಾಗದಲ್ಲಿ, ಒಂದು ಮಾಪನ ಕೇಂದ್ರವಿತ್ತು. ಮಳೆ ಎಷ್ಟು ಬಿತ್ತು, ಹೊಳೆ ಎಷ್ಟು ಏರಿತು ಎಂದು ಅಲ್ಲಿನ ಯಂತ್ರ ಅಳೆಯುತ್ತಿತ್ತು. ಆ ಅಂಕಿಗಳು ಟೆಲಿಫೋನ್ ತಂತಿಯ ಮೇಲೆ ಹೊಸನಗರ ದಾಟಿ, ಸಾಗರ ದಾಟಿ, ಕಾರ್ಗಲ್ಲಿನ ಕಂಪ್ಯೂಟರಿಗೆ ತಾವಾಗಿಯೇ ಬಂದು ಸೇರಬೇಕು. ಅಲ್ಲಿಯವರೆಗೆ ಅವನ್ನು ಫೋನಿನಲ್ಲಿ ಕೂಗಿ ಹೇಳುವ ಪದ್ಧತಿ ಇತ್ತು. ಮಳೆ ಜೋರಾದ ದಿನವೇ ಆ ಕೂಗು ಕೇಳಿಸುತ್ತಿರಲಿಲ್ಲ. ಬೇಕಾಗಿದ್ದುದೂ ಆ ದಿನವೇ.

ಎರಡು ತುದಿಗೂ ಒಂದೊಂದು ಮೋಡೆಮ್ ಇಟ್ಟಿದ್ದೆವು. ಕಂಪ್ಯೂಟರಿನ ಅಂಕಿಗಳನ್ನು ಸಿಳ್ಳೆಯಾಗಿಸಿ ತಂತಿಗೆ ಬಿಡುವ, ಆಚೆ ತುದಿಯಲ್ಲಿ ಸಿಳ್ಳೆಯನ್ನು ಮತ್ತೆ ಅಂಕಿಯಾಗಿಸುವ ಪೆಟ್ಟಿಗೆ ಅದು. ಸೆಕೆಂಡಿಗೆ ಸಾವಿರದ ಇನ್ನೂರು ಬಿಟ್ ವೇಗ. ಹಿಂಭಾಗದ ಸ್ವಿಚ್ಚನ್ನು ಆಚೆಗೆ ಒತ್ತಿದರೆ ಮುನ್ನೂರು. ಸಾವಿರದ ಇನ್ನೂರರಲ್ಲೇ ಓಡಿಸಿ ತೋರಿಸುತ್ತೇವೆಂದು ಕಂಪನಿ ಒಪ್ಪಿಕೊಂಡಿತ್ತು. ಆ ಸ್ವಿಚ್ಚಿನ ಮೇಲೆ ಧೂಳು ಕೂತಿತ್ತು.

ನನ್ನ ದಿನ ಹೊಸನಗರದ ಟೆಲಿಫೋನ್ ಆಪರೇಟರ್ ದನಿಯಿಂದ ಶುರುವಾಗುತ್ತಿತ್ತು. ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವರು. ಮುಖ ನೋಡಿರಲಿಲ್ಲ. ಮೊದಲ ದಿನವೇ ನನ್ನನ್ನು ತಂಗಿ ಎಂದರು, ನಾನು ಅಕ್ಕ ಎಂದೆ.

"ಯಾವ ಕಡೆ ಲೂಪ್ ಬೇಕು ತಂಗಿ ಇವತ್ತು?"

"ಮೊದಲು ನಿಮ್ಮಲ್ಲೇ ಹಾಕಿ ಅಕ್ಕ. ಆಮೇಲೆ ತೀರ್ಥಹಳ್ಳಿ ಕಡೆ ಬಿಡಿ."

ಲೂಪ್ ಎಂದರೆ ನಾನು ಕಳಿಸಿದ್ದು ಅಲ್ಲಿಂದ ತಿರುಗಿ ನನ್ನ ಬಳಿಗೇ ಬರುವ ಹಾಗೆ ತಂತಿಗಳನ್ನು ಜೋಡಿಸುವುದು. ನಮ್ಮದು ಒಂದೇ ಜೋಡಿ ತಂತಿ. ಪರೀಕ್ಷೆಗೆಂದು ಪಕ್ಕದ ಜೋಡಿಯನ್ನು ಸ್ವಲ್ಪ ಹೊತ್ತು ಎರವಲು ಪಡೆಯುತ್ತಿದ್ದೆವು. ಒಂದೇ ಪಠ್ಯವನ್ನು ಮತ್ತೆ ಮತ್ತೆ ಕಳಿಸುವುದು, ಹಿಂದಿರುಗಿದ್ದರಲ್ಲಿ ಎಷ್ಟು ಅಕ್ಷರ ಕೆಟ್ಟಿವೆ ನೋಡುವುದು, ಎಷ್ಟು ಹೊತ್ತು ಹಿಡಿಯಿತು ಬರೆದಿಡುವುದು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು ಸಾಲಾಗಿ ಇಳಿಯುತ್ತಿದ್ದವು. ಕಿಟಕಿಯಾಚೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಕ್ವಾರ್ಟರ್ಸ್ ಮನೆಗಳು, ಅವುಗಳ ನಡುವೆ ಉದ್ದಕ್ಕೆ ಒಣಗಲು ಹಾಕಿದ ಸೀರೆಗಳು. ಸೀರೆ ಗಾಳಿಗೆ ಉಬ್ಬಿ ಇಳಿಯುವುದನ್ನೂ ಅಕ್ಷರಗಳು ಇಳಿಯುವುದನ್ನೂ ಒಟ್ಟಿಗೆ ನೋಡುತ್ತಿದ್ದರೆ ಕೆಲಸ ಮಾಡುತ್ತಿದ್ದೇನೋ ಕನಸು ಕಾಣುತ್ತಿದ್ದೇನೋ ಎನ್ನಿಸುತ್ತಿತ್ತು.

ಏಪ್ರಿಲ್‌ನಲ್ಲಿ ಎಲ್ಲವೂ ಸೊಗಸಾಗಿತ್ತು. ಹೊಸನಗರದ ಲೂಪ್ ಶುದ್ಧ. ತೀರ್ಥಹಳ್ಳಿಯ ಲೂಪ್ ಸಹ ಶುದ್ಧ. ಮಾಪನ ಕೇಂದ್ರದ ಒಂದು ಪೂರ್ತಿ ವರದಿ ಇಪ್ಪತ್ತು ಸೆಕೆಂಡಿನ ಆಸುಪಾಸಿನಲ್ಲಿ ಬಂದು ಬೀಳುತ್ತಿತ್ತು. ನಮ್ಮ ಕಂಪನಿಯ ಮುಖ್ಯಸ್ಥರಿಗೆ ಫೋನ್ ಮಾಡಿ ಹೇಳಿದೆ. "ಹಾಗಾದರೆ ಜೂನ್‌ನಲ್ಲಿ ಒಪ್ಪಿಸಿಬಿಡೋಣ" ಎಂದರು.

ನಮಗೆ ಈ ಕೆಲಸ ವಹಿಸಿದ್ದ ಕಾರ್ಗಲ್ಲಿನ ಯೋಜನಾ ಇಂಜಿನಿಯರು ಮಾತ್ರ ಸಂತೋಷಪಡಲಿಲ್ಲ. ನಿವೃತ್ತಿಗೆ ಹತ್ತಿರವಾದವರು, ದಿನಕ್ಕೊಮ್ಮೆ ಕೋಣೆಗೆ ಬಂದು ನನ್ನ ಹಿಂದೆ ಕೈಕಟ್ಟಿ ನಿಲ್ಲುತ್ತಿದ್ದರು.

"ಒಣ ತಂತಿ ಮೇಲೆ ಯಾರು ಬೇಕಾದ್ರೂ ಮಾತಾಡ್ತಾರೆ ಮೇಡಂ" ಎಂದರು. "ಮುಂಗಾರಿನ ಮೊದಲ ಮಳೆ ಬೀಳಲಿ. ಆಗ ನೋಡೋಣ."

ಮಳೆಯವರೆಗೂ ಕಾಯಬೇಕಾಗಲಿಲ್ಲ. ಮೇ ತಿಂಗಳ ಒಂದು ಬೆಳಿಗ್ಗೆ ಕುರ್ಚಿಯಲ್ಲಿ ಕೂತಾಗ ಹಸಿರು ಅಕ್ಷರಗಳ ನಡುವೆ ಯಾವ ಭಾಷೆಗೂ ಸೇರದ ಗುರುತುಗಳು ಬಂದಿದ್ದವು. ಯಾರೋ ನಿದ್ದೆಗಣ್ಣಲ್ಲಿ ಗೀಚಿದ ಹಾಗೆ. ಹೆಡ್‌ಫೋನಿನಲ್ಲಿ ಬಾಣಲೆಯಲ್ಲಿ ಸಾಸಿವೆ ಸಿಡಿಯುವಂಥ ಚಟಪಟ.

ಮಾಪನ ಕೇಂದ್ರದ ತಂತ್ರಜ್ಞನನ್ನು ಲೈನಿಗೆ ಕರೆದೆ. ತೀರ್ಥಹಳ್ಳಿಯವನೇ, ನನ್ನ ವಯಸ್ಸಿನವನು. ಯಂತ್ರದ ಜೊತೆ ಒಬ್ಬನೇ ಇರುತ್ತಿದ್ದ.

"ಅಲ್ಲಿ ಮಳೆನಾ?"

"ಮಳೆ ಎಂಥದೂ ಇಲ್ಲ ಮೇಡಂ. ಮಂಜು. ಕೈ ಚಾಚಿದ್ರೆ ಬೆರಳು ಕಾಣ್ತಿಲ್ಲ ಮಾರಾಯ್ರೆ. ನಾನೀಗ ಬಾಗಿಲು ಹುಡುಕ್ಕಂಡು ಒಳಗೆ ಬಂದೆ."

ನಾನು ಬಯಲುಸೀಮೆಯವಳು. ಮಂಜು ನನಗೆ ದೂರದ ವಸ್ತು. ಆ ಬೆಳಿಗ್ಗೆ ಕಾರ್ಗಲ್ಲಿನಲ್ಲಿ ಎಳೆಬಿಸಿಲಿತ್ತು. ಎಲ್ಲೋ ಕಣ್ಣಿಗೆ ಕಾಣದ ಗುಡ್ಡದ ಮೇಲೆ ಕೂತ ಮಂಜು ನನ್ನ ಮುಂದಿನ ಅಕ್ಷರಗಳನ್ನು ಕೆಡಿಸುತ್ತಿತ್ತು. ಸಿಟ್ಟು ಬರುವ ಬದಲು ಬಹಳ ಹೊತ್ತು ಆ ಚಟಪಟ ಸದ್ದನ್ನೇ ಕೇಳುತ್ತ ಕೂತಿದ್ದೆ. ಬಿಸಿಲೇರಿದಂತೆ ಅದು ಕಮ್ಮಿಯಾಗುತ್ತ ಬಂತು; ಕೊನೆಗೆ ಅಲ್ಲಿ ಮಂಜು ಕರಗಿದ ಕ್ಷಣ ಯಾವುದೆಂದು ಇಲ್ಲಿ ಕೂತ ನನಗೇ ತಿಳಿಯಿತು. ಅಕ್ಷರಗಳು ಮತ್ತೆ ಅಕ್ಷರಗಳಾದವು.

ಮುಂದಿನ ಒಂದೆರಡು ವಾರ ನಾನು ಎಲ್ಲವನ್ನೂ ಬದಲಿಸಿ ನೋಡಿದೆ. ವರದಿಯನ್ನು ನಾವು ತುಂಡುಗಳಾಗಿ ಕಳಿಸುತ್ತಿದ್ದೆವು. ಒಂದು ತುಂಡು ತಲುಪಿದರೆ ಈ ಕಡೆಯ ಯಂತ್ರ "ಸರಿ" ಎಂದು ತಿರುಗಿ ಹೇಳಬೇಕು, ಆಮೇಲೆ ಮುಂದಿನ ತುಂಡು. ಒಂದಕ್ಷರ ಕೆಟ್ಟರೂ ಇಡೀ ತುಂಡು ಮತ್ತೆ. ತುಂಡು ದೊಡ್ಡದಾಗಿದ್ದರೆ ಮಂಜಿನ ಹೊತ್ತಿನಲ್ಲಿ ಒಂದೂ ಪೂರ್ತಿ ದಾಟುತ್ತಿರಲಿಲ್ಲ. ಕಳಿಸಿದ್ದನ್ನೇ ಐದಾರು ಸಲ ಕಳಿಸಬೇಕು. ಸರಿ, ಚಿಕ್ಕದಾಗಿ ಕತ್ತರಿಸಿದೆ. ಈಗ ತುಂಡುಗಳು ದಾಟಿದವು, ಆದರೆ ವರದಿ ಒಣದಿನದಲ್ಲೂ ಮೊದಲಿಗಿಂತ ತಡವಾಗಿ ಮುಗಿಯತೊಡಗಿತು. ಇದು ನನಗೆ ಅರ್ಥವಾಗಲಿಲ್ಲ. ಅದೇ ತಂತಿ, ಅದೇ ವೇಗ, ಅಷ್ಟೇ ಅಂಕಿಗಳು.

ದೋಷ ಎಲ್ಲಿದೆ ಎಂದು ಹಿಡಿಯುವುದು ಸುಲಭವಾಯಿತು. ಮಂಜಿನ ಬೆಳಿಗ್ಗೆ ಹೊಸನಗರದ ಲೂಪ್ ಹಾಕಿಸಿದರೆ ಶುದ್ಧ. ತೀರ್ಥಹಳ್ಳಿ ಕಡೆ ಬಿಟ್ಟ ಕೂಡಲೇ ಚಟಪಟ. ಬಸ್ಸು ಹಿಡಿದು ಹೊಸನಗರಕ್ಕೆ ಹೋಗಿ, ಲೈನಿನ ಸಿಬ್ಬಂದಿಯ ಜೊತೆ ಆ ಕಡೆಯ ಕಂಬಗಳ ಗುಂಟ ನಡೆದೆ. ಘಟ್ಟದ ಕಾಡಿನೊಳಗೆ ಒಂದಷ್ಟು ಉದ್ದ, ಮರದ ಕೊಂಬೆಗಳು ತಂತಿಯನ್ನು ಅಪ್ಪಿಕೊಂಡಿದ್ದವು. ಒಣಗಿದ್ದಾಗ ಏನೂ ಆಗದು. ನೆನೆದರೆ ಪ್ರತಿ ಎಲೆಯೂ ತಂತಿಯಿಂದ ಸ್ವಲ್ಪ ಸ್ವಲ್ಪ ಸಿಳ್ಳೆಯನ್ನು ಕುಡಿಯುತ್ತದೆ. ಕೊಂಬೆ ಕಡಿಯಲು ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಅಪ್ಪಣೆ ಬಂದು, ಆಳು ಬಂದು, ಅಷ್ಟು ಉದ್ದ ಬಿಡಿಸುವಷ್ಟರಲ್ಲಿ ಮಳೆಗಾಲ ಅರ್ಧ ಕಳೆದಿರುತ್ತದೆ. ಆ ಹಸಿರಿನ ಕೆಳಗೆ ನಿಂತು ತಲೆಯೆತ್ತಿ ನೋಡಿದಾಗ ತಂತಿ ಕಾಣಲೇ ಇಲ್ಲ. ಎಲೆಗಳ ನಡುವೆ ಎಲ್ಲೋ ಒಂದು ಹೊಳಪು, ಅಷ್ಟೇ.

ಹಿಂದಿರುಗುವಾಗ ಯೋಜನಾ ಇಂಜಿನಿಯರ ಜೀಪು ಸಿಕ್ಕಿತು. ಅವರು ಹೊಸನಗರದ ಕೆಳಗಿನ ಹೊಳೆಯಲ್ಲಿ ಸೇತುವೆಯ ಕೆಲಸ ನೋಡಲು ಬಂದಿದ್ದರು. "ಬನ್ನಿ, ನಿಮ್ಮ ಅಂಕಿ ಯಾರಿಗೆ ಬೇಕು ಅಂತ ತೋರಿಸ್ತೀನಿ" ಎಂದು ಕರೆದುಕೊಂಡು ಹೋದರು.

ಹೊಳೆ ಒಂದು ಬದಿಗೆ ಸರಿದು ಮೊಣಕಾಲುದ್ದ ಹರಿಯುತ್ತಿತ್ತು. ಉಳಿದಿದ್ದೆಲ್ಲ ಮರಳು. ಮರಳಿನ ನಡುವೆ ಚೀಲಗಳನ್ನು ಒಟ್ಟಿ ಕಟ್ಟಿದ ಗುಂಡಿ, ಅದರೊಳಗೆ ಸೇತುವೆ ಕಂಬದ ಅಡಿಪಾಯ. ಕೆಲಸದವರೆಲ್ಲ ಬಿಜಾಪುರದ ಕಡೆಯವರು. ಡೇರೆಗಳನ್ನೂ ಮರಳಿನ ಮೇಲೇ ಹಾಕಿಕೊಂಡಿದ್ದರು. ಮೇಲೆ ಸಮನಾದ ಜಾಗವಿರಲಿಲ್ಲ. ಮೂವತ್ತು ನಲವತ್ತು ಜನ. ಮಳೆಗೆ ಮುಂಚೆ ಅಡಿಪಾಯ ಮೇಲೆದ್ದರೆ ಈ ವರ್ಷಕ್ಕೆ ಮುಗಿಯಿತು, ಇಲ್ಲದಿದ್ದರೆ ಮತ್ತೆ ಮೊದಲಿನಿಂದ.

"ಇಲ್ಲಿ ಬಿಸಿಲೇ ಇರತ್ತೆ" ಎಂದರು ಇಂಜಿನಿಯರು. "ಮೇಲೆ ಗುಡ್ಡದಲ್ಲಿ ಒಂದು ದೊಡ್ಡ ಮಳೆ ಬಿದ್ರೆ ನಿಮ್ಮ ಕೇಂದ್ರದ ಹತ್ರ ಹೊಳೆ ಏರತ್ತೆ. ಅಲ್ಲಿಂದ ಇಲ್ಲಿಗೆ ನೀರು ಇಳಿಯೋಕೆ ಒಂದು ಗಂಟೆ ಅಂತ ಇಟ್ಕೊಳ್ಳಿ. ಹೊಸನಗರದಿಂದ ನಮ್ಮ ಜೀಪು ಈ ದಾರಿಯಲ್ಲಿ ಬರೋಕೆ ಮುಕ್ಕಾಲು ಗಂಟೆ. ಉಳಿದಿದ್ದು ಎಷ್ಟು?"

"ಕಾಲು ಗಂಟೆ" ಎಂದೆ.

ಗುಂಪಿಗೆಲ್ಲ ಅಡುಗೆ ಮಾಡುತ್ತಿದ್ದ ನಡುವಯಸ್ಸಿನ ಹೆಂಗಸೊಬ್ಬಳು ನನ್ನನ್ನೇ ನೋಡುತ್ತಿದ್ದಳು. ಕೈಯ ಹಿಟ್ಟು ಒರೆಸಿಕೊಳ್ಳುತ್ತ ಬಂದಳು.

"ಕಾರ್ಗಲ್ಲಾಗ ಪೆಟಿಗಿ ಇಟಗೊಂಡು ಕೂತವ್ರು ನೀವ ಏನವ್ವಾ?"

"ಹೌದು."

"ಅದರಾಗ ನೀರು ಕಾಣತದ?"

"ನೀರು ಕಾಣಲ್ಲ. ನೀರು ಎಷ್ಟಿದೆ ಅಂತ ಅಂಕಿ ಬರುತ್ತೆ."

"ನೀರು ಬರೂದ್ಕಿಂತ ಮೊದಲ ಬರತದೋ, ನೀರು ಬಂದ ಮ್ಯಾಲೋ?"

ಆಕೆ ಕುಹಕವಾಡಲಿಲ್ಲ, ತಿಳಿದುಕೊಳ್ಳಲು ಕೇಳಿದಳು. "ಮೊದಲು ಬರಬೇಕು" ಎಂದೆ. ಆಕೆ ತಲೆಯಾಡಿಸಿ ಒಲೆಯ ಕಡೆ ಹೋದಳು.

ಕಾರ್ಗಲ್ಲಿಗೆ ಮರಳಿದ ಮೇಲೆ ನಾನು ವರದಿಗಳನ್ನು ಲೆಕ್ಕ ಹಾಕುವುದನ್ನು ಬಿಟ್ಟು ಮೋಡೆಮ್ಮಿನ ದೀಪಗಳನ್ನು ನೋಡತೊಡಗಿದೆ. ಕಳಿಸುವಾಗ ಒಂದು ದೀಪ, ಪಡೆಯುವಾಗ ಇನ್ನೊಂದು. ಎರಡೂ ಆರಿರುವ ಗಳಿಗೆಯೂ ಇತ್ತು. ನಡುಮಧ್ಯಾಹ್ನ, ಊರೆಲ್ಲ ಊಟ ಮಾಡಿ ಮಲಗಿದ ಹೊತ್ತು. ಬೀದಿಯಲ್ಲಿ ಒಂದು ಸೈಕಲ್ಲೂ ಇಲ್ಲ. ದೀಪ ಹತ್ತುತ್ತದೆ, ಆರುತ್ತದೆ, ಕತ್ತಲು. ಇನ್ನೊಂದು ಹತ್ತುತ್ತದೆ, ಆರುತ್ತದೆ, ಮತ್ತೆ ಕತ್ತಲು. ನೋಡುತ್ತ ನೋಡುತ್ತ ನನ್ನ ಉಸಿರೂ ಅದೇ ಲಯಕ್ಕೆ ಬಿದ್ದಿತ್ತು. ಆಗ ಹೊಳೆಯಿತು: ನಾನು ಇಷ್ಟು ದಿನ ಬೆಳಕನ್ನು ಅಳೆಯುತ್ತಿದ್ದೆ. ಹೊತ್ತು ಹೋಗುತ್ತಿದ್ದುದು ಕತ್ತಲಲ್ಲಿ.

ಸಾವಿರದ ಇನ್ನೂರರಲ್ಲಿ ಆ ಒಂದು ಜೋಡಿ ತಂತಿಯ ಮೇಲೆ ಒಮ್ಮೆಗೆ ಒಂದೇ ತುದಿ ಮಾತಾಡಬೇಕು. ಒಂದು ಸುಮ್ಮನಾಗಿ, ತಂತಿಯಲ್ಲಿ ಉಳಿದ ಮಾರ್ದನಿ ಅಡಗಿ, ಇನ್ನೊಂದು ಬಾಯಿ ತೆರೆಯುವವರೆಗೆ ಇಬ್ಬರೂ ಕಾಯಬೇಕು. ಪ್ರತಿ ತುಂಡಿಗೂ ಹೀಗೆ ಎರಡು ಸಲ. ತುಂಡುಗಳನ್ನು ಚಿಕ್ಕದಾಗಿಸಿ ನಾನು ಕಾಯುವಿಕೆಯನ್ನೇ ಹೆಚ್ಚಿಸಿದ್ದೆ. ತಂತಿಯ ಮೇಲೆ ಹೋಗುವುದಕ್ಕೆ ಸಿಳ್ಳೆಗೆ ಕಣ್ಣು ಮಿಟುಕಿಸುವಷ್ಟೂ ಹೊತ್ತು ಬೇಡ. ತೀರ್ಥಹಳ್ಳಿ ದೂರವಿರಲಿಲ್ಲ. ದೂರವನ್ನು ಮಾಡಿದ್ದು ನಾವು.

ಮುನ್ನೂರರಲ್ಲಿ ಹಾಗಲ್ಲ. ಅಲ್ಲಿ ಎರಡು ತುದಿಯ ಸಿಳ್ಳೆಗಳ ಶ್ರುತಿ ಬೇರೆ ಬೇರೆ; ಇಬ್ಬರೂ ಒಟ್ಟಿಗೆ ಮಾತಾಡಬಹುದು. ಆ ಕಡೆಯಿಂದ ತುಂಡುಗಳು ನಿಲ್ಲದೆ ಬರುತ್ತಿರುವಾಗಲೇ ಈ ಕಡೆಯಿಂದ "ಸರಿ, ಸರಿ" ಎನ್ನುತ್ತ ಇರಬಹುದು. ಜೊತೆಗೆ ಪ್ರತಿ ಸಿಳ್ಳೆಯೂ ನಾಲ್ಕು ಪಟ್ಟು ಉದ್ದ; ಮಂಜು ಅದರ ತುದಿಯನ್ನು ಕಚ್ಚಿದರೂ ನಡು ಉಳಿಯುತ್ತದೆ. ಧೂಳು ಒರೆಸಿ ಸ್ವಿಚ್ಚನ್ನು ನೋಡಿದೆ. ಒತ್ತುವ ಮೊದಲು ಪ್ರೋಗ್ರಾಮನ್ನು ತಿದ್ದಬೇಕಿತ್ತು. ಅದಕ್ಕೆ ನಾಲ್ಕೈದು ದಿನ ಹಿಡಿಯಿತು. ಹಳೆಯ ಅಂಕಿಗಳನ್ನೆಲ್ಲ ಹಿಂದಕ್ಕೆ ತಳ್ಳಿ, ಹೊಳೆಯ ಈಗಿನ ಮಟ್ಟ ಎಲ್ಲಕ್ಕಿಂತ ಮೊದಲು ಬರುವಂತೆ ಮಾಡಿದೆ. ಬದಲಾದ ಪ್ರೋಗ್ರಾಮಿನ ಫ್ಲಾಪಿಯನ್ನು ತೀರ್ಥಹಳ್ಳಿಗೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದೆ. ಆ ಕಾಲಕ್ಕೆ ಅದೇ ಅತಿ ವೇಗದ ಸಂಪರ್ಕ.

ತುಂತುರು ಬಿದ್ದ ಮೊದಲ ಬೆಳಿಗ್ಗೆ ಯೋಜನಾ ಇಂಜಿನಿಯರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ತಂತ್ರಜ್ಞ ಆ ಕಡೆ, ನಾನು ಈ ಕಡೆ. ಅರ್ಧ ಗಂಟೆ ಸಾವಿರದ ಇನ್ನೂರು, ಅರ್ಧ ಗಂಟೆ ಮುನ್ನೂರು, ಮತ್ತೆ ತಿರುಗಿಸಿ.

ವೇಗದ ಸರದಿಯಲ್ಲಿ ಒಂದು ವರದಿ ಅರ್ಧ ನಿಮಿಷದಲ್ಲಿ ಬಂತು. ಇನ್ನೊಂದಕ್ಕೆ ಹನ್ನೆರಡು ನಿಮಿಷ. ಮತ್ತೊಂದು ಬರಲೇ ಇಲ್ಲ. ಯಂತ್ರ ಸೋತು ಕೈಬಿಟ್ಟಿತು. ನಿಧಾನದ ಸರದಿಯಲ್ಲಿ ಪ್ರತಿ ವರದಿಯೂ ಒಂದು ನಿಮಿಷದ ಸುತ್ತಮುತ್ತ, ಒಂದರ ಹಿಂದೊಂದು, ಕೆರೆ ಏರಿಯ ಮೇಲೆ ದನ ಬಂದ ಹಾಗೆ ಬಂತು.

"ಸರಾಸರಿ ತೆಗೆದರೆ..." ಎಂದು ಶುರು ಮಾಡಿದೆ.

"ಸರಾಸರಿ ನನಗೆ ಬೇಡ ಮೇಡಂ" ಎಂದರು. "ಅತಿ ಕೆಟ್ಟದ್ದು ಎಷ್ಟು, ಅದನ್ನ ಹೇಳಿ."

"ಇದರಲ್ಲಿ ಒಂದೂವರೆ ನಿಮಿಷ. ಅದರಲ್ಲಿ ಹೇಳೋಕೆ ಬರಲ್ಲ."

ಅವರು ಎದ್ದು ಕಿಟಕಿಯ ಹತ್ತಿರ ನಿಂತರು. "ಹಾಗಾದ್ರೆ ಇದನ್ನೇ ಹಾಕಿ" ಎಂದರು.

ಕಂಪನಿಯ ಮುಖ್ಯಸ್ಥರಿಗೆ ಫೋನ್ ಮಾಡಿದೆ.

"ಟೆಂಡರ್‌ನಲ್ಲಿ ಸಾವಿರದ ಇನ್ನೂರು ಅಂತ ಇದೆ. ನೀವು ಕಾಲು ಭಾಗದ ವೇಗಕ್ಕೆ ಇಳಿಸಿ, ಇದೇ ಚೆನ್ನಾಗಿದೆ ಅಂತೀರಿ. ನಾಳೆ ಯಾರಾದರೂ ನಮ್ಮ ಮಾಲು ಕಳಪೆ ಅಂದರೆ?"

"ಅಂಕಿ ಬೇಗ ತಲುಪುತ್ತೆ ಸರ್."

"ಅದು ನಿಮಗೆ ಗೊತ್ತು, ನನಗೆ ಗೊತ್ತು. ಕಾಗದದ ಮೇಲೆ ನಿಧಾನ ಅಂತಲೇ ಕಾಣುತ್ತೆ. ಈಗ ಬದಲಿಸಬೇಡಿ."

"ಮಳೆ ಶುರುವಾಗ್ತಿದೆ. ಹೊಳೆಯೊಳಗೆ ಜನ ಇದ್ದಾರೆ."

ಪಕ್ಕದ ತಂತಿಯಿಂದ ಯಾರದೋ ನಗು ತೇಲಿಬಂತು. "ಹಾಗಾದರೆ ನಿಮ್ಮ ಹೊಣೆ ಅಂತ ಬರೆದು ಕಳಿಸಿ" ಎಂದು ಇಟ್ಟುಬಿಟ್ಟರು. ಬರೆದು ಕಳಿಸಿದೆ. ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಸಹಿ ಹಾಕಿ, ಸ್ವಿಚ್ಚನ್ನು ಮುನ್ನೂರರಲ್ಲೇ ಬಿಟ್ಟೆ. ಸಂಜೆ ಆ ಹಸಿರು ಸಾಲುಗಳು ಒಂದೇ ಸಮನೆ ಇಳಿಯುವುದನ್ನು ನೋಡುತ್ತ ಕೂತೆ.

ಜೂನ್‌ನ ಆ ಮಧ್ಯಾಹ್ನ ಕಾರ್ಗಲ್ಲಿನಲ್ಲಿ ಬಿಸಿಲು, ಸೆಕೆ. ಫ್ಯಾನಿನ ಸದ್ದಿಗೆ ರೆಪ್ಪೆ ಭಾರವಾಗಿತ್ತು. ಹೊಳೆಯ ಮಟ್ಟ ಬೆಳಗಿನಿಂದ ಒಂದೇ ಅಂಕಿಯಲ್ಲಿ ನಿಂತಿತ್ತು. ಬದಲಾಗದ ಅಂಕಿಯನ್ನು ನೋಡುತ್ತ ಕೂರುವುದಕ್ಕಿಂತ ಮಂಪರು ತರುವ ಕೆಲಸ ಇನ್ನೊಂದಿಲ್ಲ. ಮೊದಲು ಮಳೆಯ ಅಂಕಣ ಕದಲಿತು. ಆಮೇಲೆ ಮಟ್ಟ ಒಂದು ಬೆರಳು ಏರಿತು. ಮುಂದಿನ ವರದಿಯಲ್ಲಿ ಒಂದು ಗೇಣು. ಅದರ ಮುಂದಿನದರಲ್ಲಿ ಎರಡು ಅಡಿ.

ಎದ್ದು ನಿಂತುಬಿಟ್ಟೆ. ತಂತ್ರಜ್ಞನನ್ನು ಕರೆಯಲು ಹೆಡ್‌ಫೋನ್ ಹಾಕಿದರೆ ಬರೀ ಸಿಡಿತ. ಅದರ ನಡುವೆ ಅವನ ದನಿಯ ಚೂರು, "...ಮೇಡಂ... ಮೇ...", ಅಷ್ಟೇ. ಅವನು ಕೂಗುತ್ತಿದ್ದ ಎಂದು ಗೊತ್ತಾಗುತ್ತಿತ್ತು, ಏನನ್ನು ಎಂದು ತಿಳಿಯುತ್ತಿರಲಿಲ್ಲ. ಆದರೆ ಆ ಸಿಡಿತದೊಳಗಿಂದಲೇ ಇನ್ನೊಂದು ವರದಿ ನಿಧಾನವಾಗಿ, ಅಕ್ಷರ ಅಕ್ಷರವಾಗಿ ಬಂತು. ಮೂರೂವರೆ ಅಡಿ.

ಯೋಜನಾ ಇಂಜಿನಿಯರು ಓಡಿ ಬಂದರು. "ಯಂತ್ರ ತಪ್ಪಿರಬಹುದಾ?"

"ತಂತಿಯಲ್ಲಿ ಕೆಟ್ಟ ಅಂಕಿಯನ್ನ ಯಂತ್ರ ಒಳಗೆ ಬಿಟ್ಟುಕೊಳ್ಳಲ್ಲ ಸರ್. ನಾಲ್ಕು ಸಲವೂ ಏರುತ್ತಲೇ ಬಂದಿದೆ."

ಅವರು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ನನ್ನ ಕಡೆ ಕೈಚಾಚಿ, "ಹೊಸನಗರ" ಎಂದರು. ಹೊಸನಗರದವರೆಗಿನ ತಂತಿ ಶುದ್ಧವಾಗಿತ್ತು.

"ಅಕ್ಕ, ಜೀಪು ಸೇತುವೆ ಕೆಲಸದ ಹತ್ತಿರ ಹೋಗಬೇಕು. ಈಗಲೇ. ಹೊಳೆಯೊಳಗಿನವರೆಲ್ಲ ಮೇಲೆ ಹತ್ತಬೇಕು."

"ಎಂತ ಆತು?" ಗಾಬರಿಯಲ್ಲಿ ಅವರ ಮನೆಮಾತು ಬಂದುಬಿಟ್ಟಿತು. "ಇಲ್ಲಿ ಒಂದು ಹನಿ ಇಲ್ಲ ತಂಗಿ, ಬಿಸಿಲು ಹೊಡೀತಿದೆ."

"ಮೇಲೆ ನೀರು ಬಂದಿದೆ. ಇಂಜಿನಿಯರ್ ಸಾಹೇಬ್ರು ಇಲ್ಲೇ ಇದ್ದಾರೆ, ಅವರ ಆರ್ಡರ್."

ಬೋರ್ಡಿನ ಮುಂದಿನಿಂದ ಆಪರೇಟರ್ ಏಳುವಂತಿಲ್ಲ, ನಿಯಮ ಹಾಗಿತ್ತು. ಯೋಜನೆಯ ಜೀಪಿನ ಶೆಡ್ ಅವರ ಎಕ್ಸ್‌ಚೇಂಜಿನ ಎದುರಿಗೇ. ಕುರ್ಚಿ ಹಿಂದೆ ಸರಿದ ಸದ್ದು ಕೇಳಿತು. ಚಪ್ಪಲಿಯ ಸದ್ದು ಪಟಪಟನೆ ದೂರವಾಯಿತು. ಲೈನು ತೆರೆದೇ ಇತ್ತು. ನಾನೆಂದೂ ಕಾಲಿಡದ ಆ ಕೋಣೆಯ ಖಾಲಿತನವನ್ನು ಕಾರ್ಗಲ್ಲಿನಲ್ಲಿ ಕೂತು ಕೇಳಿದೆ. ಒಂದು ಗೋಡೆ ಗಡಿಯಾರ. ಕಾಗೆ. ದೂರದಲ್ಲಿ ಅಕ್ಕನ ಕೂಗು, ಯಾರೋ "ಹಾಂ?" ಎಂದದ್ದು, ಇಂಜಿನ್ನು ಗುರ್ ಎಂದು ಹಿಡಿಯದೆ ನಿಂತಿದ್ದು, ಮತ್ತೆ ಗುರ್ ಎಂದು ಹಿಡಿದಿದ್ದು. ಆ ಸದ್ದು ತೆಳುವಾಗುತ್ತ ಹೋಗಿ ಕೊನೆಗೆ ತಂತಿಯ ಗುಂಯ್ ಜೊತೆ ಕರಗಿತು.

ಅಕ್ಕ ಏದುಸಿರಿನಲ್ಲಿ ಮರಳಿದರು. "ಹೋಯ್ತು" ಎಂದರು.

ಆಮೇಲೆ ಮಾಡಲು ಏನೂ ಇರಲಿಲ್ಲ. ಇಂಜಿನಿಯರು ಕುರ್ಚಿಯಲ್ಲಿ ಕೂತು ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ನಿಮಿಷಕ್ಕೊಂದು ವರದಿ ಬರುತ್ತಿತ್ತು. ಹೊಳೆ ಅಲ್ಲಿ ಮೇಲೇರಿ, ನಿಂತು, ಇಳಿಯತೊಡಗಿತು. ಇಳಿಯಿತೆಂದರೆ ಆ ನೀರು ಈಗ ಕೆಳಗೆ, ಯಾವ ಅಳತೆಯೂ ಇಲ್ಲದ ದಾರಿಯಲ್ಲಿ, ಕಾಡಿನ ನಡುವೆ ಬರುತ್ತಿದೆ ಎಂದರ್ಥ. ಪರದೆಯ ಮೇಲೆ ಎಲ್ಲವೂ ಶಾಂತವಾಗುತ್ತ ಹೋಯಿತು. ಕಣ್ಣು ಮುಚ್ಚಿದರೆ ಬಿಸಿಲಿನ ಮರಳು, ಅದರ ಮೇಲೆ ಡೇರೆಗಳು, ಒಲೆಯ ಹೊಗೆ ಕಾಣುತ್ತಿತ್ತು.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಹೊಸನಗರದಿಂದ ಕರೆ ಬಂತು. ಅಕ್ಕ ಜೀಪಿನ ಡ್ರೈವರನಿಗೇ ಫೋನ್ ಕೊಟ್ಟರು. "ಎಲ್ರೂ ಮೇಲೆ ಬಂದ್ರು ಸಾರ್. ಪಂಪು ಹೋಯ್ತು, ಡೇರೆ ಎಲ್ಲ ಹೋಯ್ತು. ಜನ ಎಲ್ಲಾ ಇದ್ದಾರೆ." ಇಂಜಿನಿಯರು "ಸರಿ" ಎಂದು ಫೋನಿಟ್ಟರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಹೆಡ್‌ಫೋನಿನಲ್ಲಿ ಅಕ್ಕ ಇನ್ನೂ ಇದ್ದರು. "ಉಂಡಿದ್ಯೇನೇ ತಂಗಿ?" ಎಂದು ಕೇಳಿದರು. ಅಷ್ಟಕ್ಕೇ ಅತ್ತುಬಿಟ್ಟೆ.

ಆ ತಿಂಗಳ ಕೊನೆಗೆ ನಮ್ಮ ವ್ಯವಸ್ಥೆಯನ್ನು ಮುನ್ನೂರರ ವೇಗದಲ್ಲೇ ಒಪ್ಪಿಕೊಂಡರು. ಕಂಪನಿಯ ಮುಖ್ಯಸ್ಥರು ಸಾವಿರದ ಇನ್ನೂರರ ಮಾತನ್ನು ಮತ್ತೆ ಎತ್ತಲಿಲ್ಲ. ಶಹಬ್ಬಾಸ್ ಎನ್ನಲೂ ಇಲ್ಲ.

ಆದರೆ ನನಗೆ ಹೇಳಬೇಕಿರುವುದು ಆ ನೀರು ಬಂದ ಮರುದಿನದ ಮಾತು. ಜೀಪಿನಲ್ಲಿ ಹೊಳೆಯ ಹತ್ತಿರ ಹೋದೆ. ಮರಳು ಇರಲಿಲ್ಲ. ಗುಂಡಿ ಇರಲಿಲ್ಲ. ದಡದಿಂದ ದಡಕ್ಕೆ ಕೆಂಪು ನೀರು, ಅವಸರವೇ ಇಲ್ಲದಂತೆ, ನಡುವೆ ಸುತ್ತಿ ಸುತ್ತಿ ಹರಿಯುತ್ತಿತ್ತು. ಮೇಲಿನ ಇಳಿಜಾರಿನಲ್ಲಿ ಮರಗಳ ಕೆಳಗೆ ಜನ ಗುಂಪುಗುಂಪಾಗಿ ಕೂತಿದ್ದರು. ಅಡುಗೆಯ ಹೆಂಗಸು ಮೂರು ಕಲ್ಲು ಹೂಡಿ ಹೊಸ ಒಲೆ ಹಚ್ಚಿದ್ದಳು. ಯಾರೋ ಊರಿನವರು ಕೊಟ್ಟ ಪಾತ್ರೆ, ಊರಿನವರು ಕೊಟ್ಟ ಹಿಟ್ಟು. ನನ್ನನ್ನು ನೋಡಿ ಪಕ್ಕದ ಕಲ್ಲು ತೋರಿಸಿದಳು. ಕೂತೆ.

"ನಿನ್ನೆ ಏನಾಯ್ತು?" ಎಂದು ಕೇಳಿದೆ.

"ಆಕಾಶ ತಿಳಿ ಇತ್ತವ್ವಾ. ಜೀಪಿನಂವ ಬಂದು ಏಳ್ರಿ ಏಳ್ರಿ ಅಂತ ಹೊಯ್ಕೊಂಡ. ಇಂವಗ ಹುಚ್ಚು ಹಿಡದದ ಅಂದ್ವಿ. ಬೈಕೋತನ ಮ್ಯಾಲ ಬಂದ್ವಿ. ಬಂದು ಕುಂತು ಎಲಿ ಅಡಕಿ ಹಾಕೊಂಡ್ವಿ. ಏನೂ ಇಲ್ಲ. ರೊಟ್ಟಿ ಹಂಚು ಅಲ್ಲೇ ಬಿಟ್ಟು ಬಂದಿದ್ದೆ, ತರತೀನಂತ ಎದ್ದೆ." ಆಕೆ ರೊಟ್ಟಿ ತಿರುವಿ ಹಾಕಿದಳು. "ಇಳದಿದ್ದೆ, ಅಲ್ಲಿ ಆ ಬಂಡೆ ಇತ್ತಲ್ಲ, ಅಲ್ಲಿ ಮಟಾ. ಆವಾಗ ಸಪ್ಪಳ ಕೇಳ್ತು."

ಆಕೆ ತೋರಿಸಿದ ಕಡೆ ನೋಡಿದೆ. ಬಂಡೆ ಕಾಣಲಿಲ್ಲ, ನೀರಿತ್ತು.

ಬಿಸಿ ರೊಟ್ಟಿಯ ಮೇಲೆ ಖಾರದ ಪುಡಿ ಹಾಕಿ ನನ್ನ ಕೈಗಿಟ್ಟಳು. ಇಬ್ಬರೂ ನೀರು ನೋಡುತ್ತ ತಿಂದೆವು. ರೊಟ್ಟಿ ಮುಗಿದ ಮೇಲೆ ಆಕೆ ಕೇಳಿದಳು.

"ನಮ್ಮೂರಾಗ ಮಳಿ ಆಗೇತೋ ಇಲ್ಲೋ, ನಿಮ್ಮ ಪೆಟಿಗಿಯಾಗ ಕೇಳಿ ಹೇಳ್ತೀರೇನ?"

"ಅಲ್ಲಿಗೆ ನಮ್ಮ ತಂತಿ ಹೋಗಲ್ಲಮ್ಮ. ತೀರ್ಥಹಳ್ಳಿವರೆಗೆ ಅಷ್ಟೇ."

ಆಕೆ ಒಲೆಗೆ ಒಂದು ಕಟ್ಟಿಗೆ ಸರಿಸಿದಳು.

"ಹಾಕಸ್ರಿ ಮತ್ತ" ಎಂದಳು, ಇನ್ನೊಂದು ರೊಟ್ಟಿ ತಟ್ಟುತ್ತ.